ರಹೋಭ್ಯಾಖ್ಯಾನವೂ ಸಾಕ್ಷ್ಯಚಿತ್ರವೂ

ಶ್ರಾವಕನ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎಂಬೆರಡು ವ್ಯಾಪಾರಸ್ಥರಿಗೆ ಸುಲಭವಾಗಿ ತಿಳಿಯತಕ್ಕವು. ಸುಳ್ಳು ಪತ್ರ ಸೃಷ್ಟಿಸುವುದು, ನಂಬಿ ಇಟ್ಟ ಇಡುಗಂಟನ್ನು ನುಂಗುವುದು ದೋಷವೆಂದು ಯಾರಿಗೂ ಬೋಧಿಸಬೇಕಾಗಿಲ್ಲ. ಅದೇ ಸಾಲಿನಲ್ಲಿರುವ ರಹೋಭ್ಯಾಖ್ಯಾನವು ಮಾತ್ರ ವಿಚಾರವಂತರನ್ನು ನಿಲ್ಲಿಸಿ ಕೇಳುತ್ತದೆ. ಏಕಾಂತದಲ್ಲಿ ನಡೆದುದನ್ನು ಬಯಲಿಗೆ ತರುವುದು ರಹೋಭ್ಯಾಖ್ಯಾನ. ಇಲ್ಲಿ ಹೇಳಿದ ಮಾತು ಸುಳ್ಳಲ್ಲ, ನಡೆದುದನ್ನೇ ಹೇಳಲಾಗಿದೆ. ಆದರೂ ಅದು ಸತ್ಯವ್ರತಕ್ಕೆ ಕಲೆ. ನಿಜವನ್ನು ಹೇಳಿ ಸತ್ಯವ್ರತವನ್ನು ಕೆಡಿಸಿಕೊಳ್ಳುವುದು ಹೇಗೆ ಸಾಧ್ಯ?

ಹಿಂದೆ ಈ ಪ್ರಶ್ನೆ ನೆರೆಮನೆಯ ಮಾತಿಗೆ ಮಾತ್ರ ಸಂಬಂಧಿಸಿತ್ತು. ಕ್ಯಾಮೆರಾ ಬಂದ ಮೇಲೆ ಅದರ ವ್ಯಾಪ್ತಿ ಹಿಗ್ಗಿತು. ಬಾಗಿಲು ಮುಚ್ಚಿಕೊಂಡಿರುವ ಧಾರ್ಮಿಕ ಸಂಸ್ಥೆಯೊಂದರ ಒಳಗನ್ನು ಲೋಕಕ್ಕೆ ತೋರಿಸುವ ಸಾಕ್ಷ್ಯಚಿತ್ರಕಾರನು ಸತ್ಯವನ್ನು ಸೇವಿಸುತ್ತಾನೆಯೋ, ರಹೋಭ್ಯಾಖ್ಯಾನವನ್ನು ಮಾಡುತ್ತಾನೆಯೋ ಎಂಬುದು ಬೆಂಗಳೂರಿನ ಹೊರವಲಯದಲ್ಲಿಯೇ ಎರಡು ಕಡೆ ಪರೀಕ್ಷೆಗೆ ಒಳಗಾಗಿದೆ. ಒಂದು ಪೂರ್ವದ ವೈಟ್‌ಫೀಲ್ಡ್, ಮತ್ತೊಂದು ಮೈಸೂರು ರಸ್ತೆಯ ಬಿಡದಿ.

ವೈಟ್‌ಫೀಲ್ಡ್ ಇಂದು ಐ.ಟಿ. ಕಂಪನಿಗಳ ಗಾಜಿನ ಕಟ್ಟಡಗಳಿಗೆ ಹೆಸರಾಗಿದೆ. ಅವು ಏಳುವುದಕ್ಕೆ ಬಹು ಮೊದಲೇ ಕಾಡುಗೋಡಿಯ ಬೃಂದಾವನ ಆಶ್ರಮದಿಂದ ಆ ಊರು ದೇಶವಿದೇಶಗಳಲ್ಲಿ ಪರಿಚಿತವಾಗಿತ್ತು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾರವರು ಬೇಸಿಗೆಯನ್ನು ಸಾಮಾನ್ಯವಾಗಿ ಅಲ್ಲಿ ಕಳೆಯುತ್ತಿದ್ದರು. 2001ರ ಜನವರಿ 19ರಂದು ಅಲ್ಲಿಯೇ ಆರಂಭವಾದ ಆಸ್ಪತ್ರೆಯಲ್ಲಿ ಹೃದಯದ ಮತ್ತು ನರಸಂಬಂಧವಾದ ಶಸ್ತ್ರಚಿಕಿತ್ಸೆ ಬಡವರಿಗೆ ಉಚಿತವಾಗಿ ದೊರೆಯುತ್ತ ಬಂದಿದೆ. ಅನಂತಪುರ ಜಿಲ್ಲೆಯ ಬರಪೀಡಿತ ಹಳ್ಳಿಗಳಿಗೆ ಕುಡಿಯುವ ನೀರನ್ನು ಒದಗಿಸಿದ ಯೋಜನೆಯ ನೆನಪಿಗೆ 1999ರಲ್ಲಿ ಅಂಚೆ ಇಲಾಖೆ ಚೀಟಿಯನ್ನೇ ಹೊರಡಿಸಿತು. ಈ ಸೇವೆಯನ್ನು ಅಲ್ಲಗಳೆಯುವವನು ಕೃತಘ್ನನೇ ಸರಿ. ಆದರೆ ಸಾವಿರಾರು ಜನರಿಗೆ ದರ್ಶನ ನೀಡುತ್ತಿದ್ದ ಆ ಸಂಸ್ಥೆಯಲ್ಲಿ ಕೆಲವೇ ಭಕ್ತರನ್ನು ಕರೆಯುತ್ತಿದ್ದ ಒಂದು ಚಿಕ್ಕ ಕೋಣೆಯೂ ಇತ್ತು. ವಿವಾದವೆಲ್ಲ ಹುಟ್ಟಿದ್ದು ಆ ಕೋಣೆಯ ಬಾಗಿಲಿನಲ್ಲಿ.

ಬಾಗಿಲನ್ನು ಮೊದಲು ತಟ್ಟಿದವರು ಬೆಂಗಳೂರಿನವರೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿಯನ್ನು ರಚಿಸಿದರು. ಸಮಿತಿಯ ಮುಂದೆ ಪವಾಡವನ್ನು ತೋರಿಸಬೇಕೆಂದು ಕೋರಿ ಬಾಬಾರವರಿಗೆ ಮೂರು ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ವಿಜ್ಞಾನದ ಅಳತೆಗೋಲು ಅಧ್ಯಾತ್ಮಕ್ಕೆ ಸಲ್ಲದೆಂಬ ಅಭಿಪ್ರಾಯವನ್ನು ಬಾಬಾರವರು ಅದೇ ವರ್ಷ ‘ಬ್ಲಿಟ್ಜ್’ ವಾರಪತ್ರಿಕೆಯ ಸಂದರ್ಶನದಲ್ಲಿ ತಿಳಿಸಿದರು. ಮರುವರ್ಷ ಸಮಿತಿಯೂ ಮುಗಿಯಿತು. ನರಸಿಂಹಯ್ಯನವರ ವಿಚಾರಗಳನ್ನು ಒಪ್ಪದವರು ಸಹ ಒಂದು ಅಂಶವನ್ನು ಗಮನಿಸಬೇಕು. ಅವರು ತಮ್ಮ ಹೆಸರು, ಹುದ್ದೆ, ಉದ್ದೇಶ ಮೂರನ್ನೂ ಕಾಗದದಲ್ಲಿ ಬರೆದು ಮುಂಬಾಗಿಲಿನಿಂದ ಹೋದರು. ಬಾಗಿಲು ತೆರೆಯಲಿಲ್ಲವೆಂದು ಹಿತ್ತಿಲ ಗೋಡೆಯನ್ನು ಹಾರಲಿಲ್ಲ. ತೆರೆಯಲಿಲ್ಲವೆಂಬುದನ್ನು ಊರಿಗೆ ಹೇಳಿದರು, ಅಷ್ಟೆ.

ಇಪ್ಪತ್ತೆಂಟು ವರ್ಷಗಳ ತರುವಾಯ, 2004ರ ಜೂನ್ ತಿಂಗಳಲ್ಲಿ, ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ ‘ದಿ ಸೀಕ್ರೆಟ್ ಸ್ವಾಮಿ’ ಎಂಬ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ವರದಿಗಾರ್ತಿ ತಾನ್ಯಾ ದತ್ತ. ಹಿಂದೆ ಭಕ್ತರಾಗಿದ್ದ ಅಮೆರಿಕದ ಕೆಲವರು ತಾವು ಎಳೆಯ ವಯಸ್ಸಿನಲ್ಲಿ ಖಾಸಗಿ ಭೇಟಿಗಳಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವೆಂದು ಅದರಲ್ಲಿ ಮುಖ ತೋರಿಸಿ ಹೇಳಿಕೊಂಡರು. 1993ರ ಜೂನ್ 6ರ ರಾತ್ರಿ ಪುಟ್ಟಪರ್ತಿಯ ನಿವಾಸದಲ್ಲಿ ಆರು ಮಂದಿ ಸತ್ತ ಪ್ರಕರಣವನ್ನೂ ಚಿತ್ರವು ಕೆದಕಿತು. ಸಂಸ್ಥೆಯು ಆರೋಪಗಳನ್ನು ನಿರಾಕರಿಸಿತು. ಯಾವ ನ್ಯಾಯಾಲಯವೂ ಬಾಬಾರವರನ್ನು ದೋಷಿಯೆಂದು ಹೇಳಲಿಲ್ಲ; 2011ರ ಏಪ್ರಿಲ್ 24ರಂದು ಅವರು ನಿಧನ ಹೊಂದಿದರು. ಆದಕಾರಣ ಆರೋಪದ ಸತ್ಯಾಸತ್ಯತೆಯನ್ನು ಇಲ್ಲಿ ನಿರ್ಣಯಿಸಲು ಹೊರಡುವುದು ಅನುಚಿತ. ಪ್ರಕೃತ ವಿಚಾರವು ತೋರಿಸುವ ರೀತಿಗೆ ಸಂಬಂಧಿಸಿದುದು.

ಆ ಚಿತ್ರದಲ್ಲಿ ಎರಡು ಬಗೆಯ ಚಿತ್ರೀಕರಣವಿದೆ. ನೊಂದೆವೆಂದವರು ಬೆಳಕಿನಲ್ಲಿ ಕುಳಿತು ಕ್ಯಾಮೆರಾ ನೋಡಿ ಮಾತನಾಡಿದರು. ಸಂಸ್ಥೆಯ ಹಿರಿಯ ಪದಾಧಿಕಾರಿಯೊಬ್ಬರನ್ನಾದರೋ ಅಡಗಿಸಿದ ಕ್ಯಾಮೆರಾದಿಂದ ಅವರಿಗರಿಯದಂತೆ ಚಿತ್ರಿಸಲಾಯಿತು. ಎರಡೂ ಒಂದೇ ಪರದೆಯ ಮೇಲೆ ಬಂದುದರಿಂದ ನೋಡುವವರಿಗೆ ಒಂದೇ ಬಗೆಯೆಂದು ತೋರಬಹುದು. ವ್ರತದ ದೃಷ್ಟಿಯಲ್ಲಿ ಅವು ಬೇರೆ ಬೇರೆ. ತನಗಾದ ನೋವನ್ನು ತಾನೇ ಹೇಳುವವನು ಪರರ ಗುಟ್ಟನ್ನು ಒಡೆಯುತ್ತಿಲ್ಲ. ಆ ಗುಟ್ಟು ಅವನದೂ ಹೌದು. ಮುಚ್ಚಿಡುವುದೂ ತೆರೆಯುವುದೂ ಅವನ ಹಕ್ಕು. ಅರಿಯದವನ ಮಾತನ್ನು ಕದ್ದು ಹಿಡಿಯುವುದಾದರೋ ಕೊಡದೆ ತೆಗೆದುಕೊಂಡುದು. ಅದತ್ತಾದಾನವೆಂದರೆ ಅದೇ ಅಲ್ಲವೇ? ದ್ರವ್ಯವನ್ನು ಮಾತ್ರ ಕದಿಯಬಹುದೆಂದು ತಿಳಿಯುವುದು ಅಚೌರ್ಯವ್ರತವನ್ನು ಸಂಕುಚಿತಗೊಳಿಸಿದಂತೆ. ಮೇಲಾಗಿ ಆ ಪದಾಧಿಕಾರಿಯಿಂದ ದೊರೆತುದು ಅವರ ನಂಬಿಕೆಯ ಮಾತೇ ಹೊರತು ಕೋಣೆಯೊಳಗಿನ ಘಟನೆಗೆ ಪ್ರತ್ಯಕ್ಷ ಸಾಕ್ಷ್ಯವಲ್ಲ. ಕದ್ದೂ ಲಾಭವಾಗಲಿಲ್ಲ.

ಲೆಕ್ಕಪರಿಶೋಧಕನು ಅಂಗಡಿಗೆ ಬರುವ ಕ್ರಮವನ್ನು ಇಲ್ಲಿ ನೆನೆಯಬಹುದು. ಅವನು ನೇಮಕದ ಪತ್ರ ತೋರಿಸಿ ಒಳಗೆ ಬರುತ್ತಾನೆ. ಖಾತೆಪುಸ್ತಕ, ವೋಚರು, ರಸೀದಿ ಕೇಳುತ್ತಾನೆ. ಮಾಲೀಕನು ಕೊಡದಿದ್ದರೆ ರಾತ್ರಿ ಬಂದು ಬೀರುವಿನ ಬೀಗ ಒಡೆಯುವುದಿಲ್ಲ. ‘ಪುಸ್ತಕಗಳನ್ನು ಒದಗಿಸಲಿಲ್ಲ, ಆದುದರಿಂದ ಅಭಿಪ್ರಾಯ ನೀಡಲಾಗದು’ ಎಂದು ವರದಿ ಬರೆಯುತ್ತಾನೆ. ಆ ಒಂದು ಸಾಲಿಗೆ ಬ್ಯಾಂಕಿನವರು ಎಷ್ಟು ಹೆದರುತ್ತಾರೆಂಬುದು ಸಾಲ ಪಡೆದವರಿಗೆ ಗೊತ್ತು. ನರಸಿಂಹಯ್ಯನವರು ಬರೆದುದು ಇಂತಹ ವರದಿ. ಇದಕ್ಕೆ ಪ್ರತಿಯಾಗಿ, 2001ರ ಡಿಸೆಂಬರಿನಲ್ಲಿ ಅಂದಿನ ಪ್ರಧಾನಿ ವಾಜಪೇಯಿಯವರೂ ಸುಪ್ರೀಂ ಕೋರ್ಟಿನ ಇಬ್ಬರು ನಿವೃತ್ತ ಮುಖ್ಯ ನ್ಯಾಯಮೂರ್ತಿಗಳೂ ಇತರರೊಡನೆ ಸೇರಿ ಬಾಬಾರವರ ಮೇಲಿನ ಆರೋಪಗಳು ಕಲ್ಪಿತವೆಂದು ಪತ್ರಕ್ಕೆ ಸಹಿ ಹಾಕಿದರು. ಸಹಿ ಮಾಡಿದವರ ಗೌರವ ದೊಡ್ಡದು. ಆದರೆ ಗ್ರಾಹಕರ ಮೆಚ್ಚುಗೆಯ ಪತ್ರಗಳನ್ನು ಕಟ್ಟಿಟ್ಟ ಮಾತ್ರಕ್ಕೆ ಲೆಕ್ಕಪರಿಶೋಧನೆ ನಡೆದಂತಾಗದು.

ಬಿಡದಿಯ ಪ್ರಕರಣವು ಈ ಭೇದವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶಕ್ಕೆ ಸಮೀಪದಲ್ಲಿ ನಿತ್ಯಾನಂದ ಸ್ವಾಮಿಯವರ ಆಶ್ರಮವಿತ್ತು. 2010ರ ಮಾರ್ಚ್ 2ರಂದು ತಮಿಳಿನ ಸನ್ ಟಿ.ವಿ. ಅವರದೆಂದು ಹೇಳಲಾದ ಶಯನಗೃಹದ ದೃಶ್ಯವನ್ನು ಪ್ರಸಾರ ಮಾಡಿತು. ಆಶ್ರಮದವರು ಅದು ಕೃತ್ರಿಮವೆಂದರು. ನೈಜವೋ ಕೃತ್ರಿಮವೋ, ಸ್ತ್ರೀಪುರುಷರ ಏಕಾಂತವನ್ನು ಮನೆಮನೆಯ ಪಡಸಾಲೆಗೆ ತಂದುದು ರಹೋಭ್ಯಾಖ್ಯಾನವೆಂಬ ಪದಕ್ಕೆ ಪೂಜ್ಯಪಾದಾಚಾರ್ಯರು ಕೊಟ್ಟ ವ್ಯಾಖ್ಯೆಗೆ ಅಕ್ಷರಶಃ ಹೊಂದುತ್ತದೆ. ಅಂದು ಜನರು ನೋಡಿದುದು ಸತ್ಯಾನ್ವೇಷಣೆಯಿಂದಲ್ಲ, ಕುತೂಹಲದಿಂದ. ಕಷಾಯದಿಂದ ತೋರಿಸಿದುದನ್ನು ಕಷಾಯದಿಂದಲೇ ನೋಡಿದರು. 2019ರಲ್ಲಿ ತಂದೆಯೊಬ್ಬರು ಆಶ್ರಮ ಸೇರಿದ್ದ ತಮ್ಮ ಹೆಣ್ಣುಮಕ್ಕಳಿಗಾಗಿ ಗುಜರಾತ್ ಹೈಕೋರ್ಟಿನ ಬಾಗಿಲು ತಟ್ಟಿದರು. ಆ ನವೆಂಬರಿನಲ್ಲಿ ಅಲ್ಲಿನ ಪೊಲೀಸರು ಸ್ವಾಮಿಯವರು ದೇಶವನ್ನು ಬಿಟ್ಟಿದ್ದಾರೆಂದು ತಿಳಿಸಿದರು. 2022ರಲ್ಲಿ ಡಿಸ್ಕವರಿ ಪ್ಲಸ್‌ನಲ್ಲಿ ‘ಮೈ ಡಾಟರ್ ಜಾಯಿನ್ಡ್ ಎ ಕಲ್ಟ್’ ಎಂಬ ಮೂರು ಕಂತುಗಳ ಸಾಕ್ಷ್ಯಚಿತ್ರ ಬಂದಿತು. ಅದರ ಬಲವಿರುವುದು ಹಿಂದೆ ಒಳಗಿದ್ದವರು ತಮಗಾದುದನ್ನು ತಮ್ಮ ಬಾಯಿಂದ ಹೇಳುವುದರಲ್ಲಿ. ಒಂದೇ ಆಶ್ರಮ; ಮೊದಲನೆಯದರಲ್ಲಿ ಕ್ಯಾಮೆರಾ ಇಣುಕಿತು, ಎರಡನೆಯದರಲ್ಲಿ ಕಿವಿಗೊಟ್ಟಿತು.

ಧರ್ಮಾಭಿಮಾನಿಗಳು ಇಲ್ಲಿ ಉಪಗೂಹನವನ್ನು ಮುಂದಿಡುವುದುಂಟು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದೂ ಒಂದು. ಅಜ್ಞರಿಂದಲೂ ಅಶಕ್ತರಿಂದಲೂ ಮಾರ್ಗಕ್ಕೆ ಬರುವ ನಿಂದೆಯನ್ನು ಮರೆಮಾಡಬೇಕೆಂಬುದು ಅದರ ತಾತ್ಪರ್ಯ. ಜಿನೇಂದ್ರಭಕ್ತ ಸೆಟ್ಟಿಯ ಕಥೆ ಇದಕ್ಕೆ ನಿದರ್ಶನ. ಕಳ್ಳನೊಬ್ಬನು ಕ್ಷುಲ್ಲಕನ ವೇಷದಿಂದ ಸೆಟ್ಟಿಯ ಮನೆ ಸೇರಿ, ಪಾರ್ಶ್ವನಾಥಸ್ವಾಮಿಯ ಛತ್ರದಲ್ಲಿದ್ದ ವೈಡೂರ್ಯವನ್ನು ಕದ್ದು ಓಡುತ್ತಾನೆ. ಕಾವಲುಗಾರರು ಅಟ್ಟಿ ಬಂದಾಗ ಸೆಟ್ಟಿಯು ‘ನಾನೇ ತರಹೇಳಿದ್ದೆ’ ಎಂದು ಅವನನ್ನು ಉಳಿಸಿ, ಬಳಿಕ ಏಕಾಂತದಲ್ಲಿ ಗದರಿಸಿ ಕಳುಹಿಸುತ್ತಾನೆ. ಈ ಕಥೆಯನ್ನು ಹೇಳುವವರು ಒಂದು ಅಂಶವನ್ನು ಮರೆಯುತ್ತಾರೆ. ರತ್ನವು ಸೆಟ್ಟಿಯ ಮನೆಯದು. ನಷ್ಟ ಅವನದು, ಆದುದರಿಂದ ಮುಚ್ಚುವ ಅಧಿಕಾರವೂ ಅವನದು. ಆ ವೇಷಧಾರಿಯು ನೆರೆಮನೆಯ ಮಗುವಿಗೆ ಕೇಡು ಮಾಡಿದ್ದರೆ ಸೆಟ್ಟಿಯು ಹಾಗೆ ಹೇಳಬಹುದಾಗಿತ್ತೆ? ಪರರ ನಷ್ಟವನ್ನು ಕ್ಷಮಿಸಿ ತಾನು ಉದಾರಿ ಎನಿಸಿಕೊಳ್ಳುವುದು ಪರರ ಹಣದಿಂದ ದಾನ ಮಾಡಿದಂತೆ. ಸಂಸ್ಥೆಯ ಹೆಸರು ಕೆಡಬಾರದೆಂದು ನೊಂದವರ ಬಾಯಿ ಮುಚ್ಚಿಸುವ ಆಡಳಿತ ಮಂಡಳಿಗಳು, ಅವು ಯಾವ ಮತದ್ದಾಗಿರಲಿ, ಉಪಗೂಹನದ ಹೆಸರಿನಲ್ಲಿ ನ್ಯಾಸಾಪಹಾರವನ್ನು ಮಾಡುತ್ತಿರುತ್ತವೆ.

ಕಠಿಣವಾದ ಪ್ರಶ್ನೆ ಇನ್ನೂ ಉಳಿದಿದೆ. ನೊಂದವನು ಒಳಗೇ ಸಿಕ್ಕಿಬಿದ್ದು ಮಾತನಾಡಲಾರದಿದ್ದರೆ, ದೂರು ಕೊಟ್ಟರೂ ಕೇಳುವವರಿಲ್ಲದಿದ್ದರೆ, ಅಡಗಿದ ಕ್ಯಾಮೆರಾ ಆಗಲೂ ಸಲ್ಲದೇ? ಗೃಹಸ್ಥನಿಗೆ ವಿರೋಧೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಲು ಆಗದೆಂದು ಆಚಾರ್ಯರು ಒಪ್ಪಿದ್ದಾರೆ. ದುರ್ಬಲನನ್ನು ಕಾಪಾಡಲು ಕೈಯೆತ್ತಿದವನ ವ್ರತ ಮುರಿಯುವುದಿಲ್ಲ. ಹಾಗೆಯೇ ಮಗುವೊಂದನ್ನು ಬಿಡಿಸಲು ಬೇರೆ ದಾರಿಯೇ ಇಲ್ಲದಾಗ ಅಡಗಿಸಿದ ಯಂತ್ರವನ್ನು ಬಳಸಿದವನನ್ನು ಹಳಿಯಲಾಗದು. ಆದರೆ ಹಿಂಸೆಯು ಅಲ್ಲಿಯೂ ಹಿಂಸೆಯೇ. ಅದನ್ನು ಲೆಕ್ಕದಲ್ಲಿ ಬರೆಯಬೇಕು. ಹಾಗೆ ಸಿಕ್ಕಿದ ದೃಶ್ಯವು ಮೊದಲು ಪೊಲೀಸರಿಗೆ ಹೋಯಿತೇ, ಟಿ.ವಿ.ಗೆ ಹೋಯಿತೇ ಎಂಬುದರಿಂದ ಮಾಡಿದವನ ಭಾವ ತಿಳಿಯುತ್ತದೆ.

ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಭಗವತೀ ಆರಾಧನೆಯು ಆಚಾರ್ಯನಿಗೆ ಇರಬೇಕಾದ ಗುಣಗಳಲ್ಲಿ ಎರಡನ್ನು ಒಟ್ಟಿಗೆ ಹೇಳುತ್ತದೆ. ಅವನು ಅವಪೀಡಕನಾಗಿರಬೇಕು, ಎಂದರೆ ಶಿಷ್ಯನು ಅಡಗಿಸಿದ ದೋಷವನ್ನು ಒತ್ತಾಯದಿಂದಲಾದರೂ ಹೊರಗೆಡಹಿಸಬೇಕು. ಅವನು ಅಪರಿಸ್ರಾವಿಯೂ ಆಗಿರಬೇಕು. ಕೇಳಿದ ಆಲೋಚನೆಯು ಅವನಿಂದ ಹನಿಯಷ್ಟೂ ಸೋರಬಾರದು. ಸಾಕ್ಷ್ಯಚಿತ್ರಕಾರರು ಮೊದಲನೆಯ ಗುಣವನ್ನು ಚೆನ್ನಾಗಿ ಕಲಿತಿದ್ದಾರೆ.

ಬಸದಿಯ ಟ್ರಸ್ಟಿಗಳಿಗೂ ಇದು ದೂರದ ಮಾತಲ್ಲ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ನಿಷೇಧಿಸಿ, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟ ಸಂದರ್ಭದಲ್ಲಿ ದೇಶದ ಗಮನವೆಲ್ಲ ಈ ವ್ರತದ ಮೇಲೆ ಹರಿದಿತ್ತು. ಮುನಿಗಳ ಕೇಶಲೋಚ ಸಭೆಯ ಮುಂದೆ ನಡೆಯುತ್ತದೆ. ಆಹಾರವನ್ನು ಅವರು ಶ್ರಾವಕರ ಎದುರಿನಲ್ಲಿ ನಿಂತು ಸ್ವೀಕರಿಸುತ್ತಾರೆ. ಅಡಗಿಸುವಂಥದು ಇಲ್ಲಿ ಕಡಮೆ. ಕೊನೆಯ ದಿನಗಳಲ್ಲಿ ಮಲಗಿರುವ ಕ್ಷಪಕನ ಮುಖವಾದರೋ ಟ್ರಸ್ಟಿನ ಆಸ್ತಿಯಲ್ಲ, ಪ್ರಚಾರಕ್ಕಾಗಿ ಅದನ್ನು ತೋರಿಸಲು ಟ್ರಸ್ಟಿಗೂ ಅಧಿಕಾರವಿಲ್ಲ. ಕ್ಯಾಮೆರಾದವರು ಬಂದಾಗ ಬಾಗಿಲು ಹಾಕಿಕೊಳ್ಳುವುದಕ್ಕಿಂತ, ಪ್ರಶ್ನೆಗಳನ್ನು ಬರೆದುಕೊಡಿರೆಂದು ಕೇಳಿ, ಲೆಕ್ಕಪತ್ರವನ್ನೂ ಬಂದ ದೂರುಗಳ ಕಡತವನ್ನೂ ಮೇಜಿನ ಮೇಲಿಟ್ಟು, ದೂರುದಾರರ ಹೆಸರನ್ನು ಮಾತ್ರ ಮುಚ್ಚಿ ಉತ್ತರಿಸುವುದು ಲೇಸು. ಅಂತಹ ಕಡತವೊಂದು ಕಚೇರಿಯಲ್ಲಿ ಇದೆಯೇ ಎಂಬುದನ್ನು ಅವರು ಬರುವ ಮೊದಲೇ ನೋಡಿಕೊಳ್ಳಬೇಕಾದೀತು.