ಬಂದೂಕು ಹಿಡಿದವನೂ ಅದೇ ಊರಿನವನು

ಮೆಕ್ಸಿಕೋದ ಉತ್ತರ ಭಾಗದ ಚಿವಾವಾ ರಾಜ್ಯದಲ್ಲಿ, ಸಿಯೆರಾ ತರಾವುಮಾರಾ ಬೆಟ್ಟಸಾಲಿನ ನಡುವೆ ಸೆರೊಕಾವಿ ಎಂಬ ಪುಟ್ಟ ಊರಿದೆ. 2022ರ ಜೂನ್ 20ರ ಸಂಜೆ ಪೆದ್ರೊ ಪಾಲ್ಮಾ ಎಂಬ ಪ್ರವಾಸಿ ಮಾರ್ಗದರ್ಶಕ ಪ್ರಾಣಭಯದಿಂದ ಅಲ್ಲಿನ ಚರ್ಚಿನೊಳಗೆ ಹೊಕ್ಕ. ಅಟ್ಟಿಸಿಕೊಂಡು ಬಂದವನು ದೇವರ ಮನೆಯೆಂದು ಹೊರಗೆ ನಿಲ್ಲಲಿಲ್ಲ. ಚರ್ಚಿನಲ್ಲಿದ್ದ ಇಬ್ಬರು ಗುರುಗಳು ಪಾಲ್ಮಾನ ನೆರವಿಗೆ ಬಂದರು. ಅವನು ಪಾಲ್ಮಾನ ಜೊತೆ ಅವರನ್ನೂ ಗುಂಡಿಟ್ಟು ಕೊಂದ. ಒಬ್ಬರು 79 ವರ್ಷದ ಹಾವಿಯೆರ್ ಕಾಂಪೊಸ್, ಇನ್ನೊಬ್ಬರು 80ರ ಹೊವಾಕಿನ್ ಮೊರಾ. ಇಬ್ಬರೂ ಯೇಸುಸಭೆಗೆ, ಎಂದರೆ ಜೆಸ್ವಿಟ್ ಸಭೆಗೆ, ಸೇರಿದವರು.

ಅದೇ ಚರ್ಚಿನಲ್ಲಿ ಮೂರನೆಯ ಗುರುವೊಬ್ಬರಿದ್ದರು. ಕೊಲೆಗಾರನ ಜೊತೆಗಿದ್ದವರು ಹೆಣಗಳನ್ನು ಗಾಡಿಗೆ ಹಾಕಿಕೊಳ್ಳುತ್ತಿದ್ದಾಗ, ದಯವಿಟ್ಟು ಇಲ್ಲೇ ಬಿಟ್ಟುಹೋಗಿ ಎಂದು ಅವರು ಬೇಡಿಕೊಂಡರು. ಕೇಳುವವರು ಇರಲಿಲ್ಲ. ಎರಡು ದಿನ ಬಿಟ್ಟು ಶವಗಳು ಸಿಕ್ಕವು. ಆದರೆ ಆ ಸಂಜೆ ಇನ್ನೊಂದು ಸಂಗತಿಯೂ ನಡೆಯಿತು. ಬೆಟ್ಟದ ಯೇಸುಸಭೆಯ ಗುರುಗಳು ಆಮೇಲೆ ಅದನ್ನು ಹೇಳಿದರು. ಕೊಂದವನು ಆ ಮೂರನೆಯ ಗುರುವಿನೆದುರು ನಿಂತು ಕ್ಷಮೆ ಕೇಳಿದ, ತನ್ನ ಪಾಪನಿವೇದನೆ ಕೇಳಬೇಕೆಂದ. ಇಬ್ಬರು ಸಂಗಾತಿಗಳ ರಕ್ತ ಇನ್ನೂ ಆರದ ಹೊತ್ತಿನಲ್ಲಿ, ಅದನ್ನು ಹರಿಸಿದ ಕೈಯವನ ಮಾತಿಗೆ ಕಿವಿಗೊಡಬೇಕಾದ ಆ ಮನುಷ್ಯನ ಸ್ಥಿತಿಯನ್ನು ನೆನೆದಾಗಲೆಲ್ಲ ನನ್ನ ಎದೆ ನಡುಗುತ್ತದೆ.

ಕೊಂದವನು ಪರವೂರಿನವನಲ್ಲ. ಹೊಸೆ ನೊರಿಯೆಲ್ ಪೊರ್ತಿಯೊ ಹಿಲ್ ಅವನ ಹೆಸರು, ಊರವರ ಬಾಯಲ್ಲಿ 'ಎಲ್ ಚುವೆಕೊ'. ಗುರುಗಳಿಗೆ ಅವನು ಚೆನ್ನಾಗಿ ಗೊತ್ತಿದ್ದವನು. ಆ ದಿನದ ಜಗಳ ಶುರುವಾದದ್ದು, ನಂಬುವುದಕ್ಕೂ ಕಷ್ಟ, ಒಂದು ಬೇಸ್‌ಬಾಲ್ ಪಂದ್ಯದಿಂದ. ಅವನು ದುಡ್ಡು ಹಾಕಿ ಸಾಕಿದ್ದ ತಂಡ ಸೋತಿತ್ತು. ಆ ಸಿಟ್ಟಿಗೆ ಊರಿನ ಅಣ್ಣತಮ್ಮಂದಿರಿಬ್ಬರ ಮನೆಗೆ ನುಗ್ಗಿ, ಅವರನ್ನು ಎತ್ತಿಕೊಂಡು ಹೋಗಿ, ಮನೆಗೆ ಬೆಂಕಿ ಇಟ್ಟಿದ್ದ. 2018ರಲ್ಲಿ ಅದೇ ಪ್ರದೇಶದಲ್ಲಿ ಒಬ್ಬ ಅಮೆರಿಕದ ಪ್ರವಾಸಿಯನ್ನು ಕೊಂದ ಆರೋಪ ಅವನ ಮೇಲಿತ್ತು. ನಾಲ್ಕು ವರ್ಷ ಅವನನ್ನು ಹಿಡಿಯದೆ ಬಿಟ್ಟದ್ದು ಯಾರು? ಎಲ್ಲರಿಗೂ ಗೊತ್ತಿದ್ದ ಮನುಷ್ಯ, ಎಲ್ಲರ ಕಣ್ಣೆದುರೇ ಓಡಾಡಿಕೊಂಡಿದ್ದ.

ಅಲ್ಲಿನ ನೆಲದ ಬಗ್ಗೆ ಎರಡು ಮಾತು. ಬಲು ಆಳದ ಕಣಿವೆಗಳು, ಪೈನ್ ಕಾಡು, ಮಳೆಗಾಲದಲ್ಲಿ ಕೊಚ್ಚಿಹೋಗುವ ಮಣ್ಣಿನ ದಾರಿ. ಮೆಕ್ಕೆಜೋಳ ಬೆಳೆದು ಬದುಕುವ ರರಾಮುರಿ ಜನರ ತಾಯ್ನೆಲ ಅದು. ದಿನಗಟ್ಟಲೆ ಬೆಟ್ಟ ಹತ್ತಿಳಿಯುತ್ತ ಓಡಬಲ್ಲ ಜನವೆಂದು ಹೊರಗಿನವರು ಅವರನ್ನು ಬಲ್ಲರು. ಪೊಲೀಸರು ಸುಲಭಕ್ಕೆ ತಲುಪಲಾರದ ಆ ಕಣಿವೆಗಳಲ್ಲಿ ಅಫೀಮು, ಗಾಂಜಾ ಬೆಳೆಸುವ ತಂಡಗಳು ಬೇರು ಬಿಟ್ಟಿವೆ. ಮರ ಕಡಿಯುವ ದಂಧೆಯೂ ಆ ತಂಡಗಳ ಕೈಗೆ ಹೋಗಿದೆ. ಒಪ್ಪದವನ ಹೊಲ ಹೋಗುತ್ತದೆ, ಮಗ ಹೋಗುತ್ತಾನೆ, ಕಡೆಗೆ ಊರೇ ಬಿಡಬೇಕಾಗುತ್ತದೆ.

ಯೇಸುಸಭೆಯವರು ಈ ಬೆಟ್ಟಕ್ಕೆ ಮೊದಲು ಬಂದದ್ದು 17ನೇ ಶತಮಾನದಲ್ಲಿ, ಸ್ಪೇನ್ ಆಳ್ವಿಕೆಯ ಬೆನ್ನಿಗೆ. ಬೆಳ್ಳಿ ಗಣಿಗಳಿಗೆ ಆಳು ಬೇಕಾಗಿದ್ದ ಕಾಲ. ರರಾಮುರಿಗಳು ಮತ್ತೆ ಮತ್ತೆ ದಂಗೆ ಎದ್ದರು, ಚರ್ಚುಗಳಿಗೆ ಬೆಂಕಿ ಇಟ್ಟರು, ಗುರುಗಳನ್ನೂ ಕೊಂದರು. ಆ ಸಿಟ್ಟಿಗೆ ಕಾರಣವಿತ್ತು, ಅದನ್ನು ಮುಚ್ಚಿಡಬಾರದು. 1767ರಲ್ಲಿ ಸ್ಪೇನ್ ದೊರೆಯೇ ಯೇಸುಸಭೆಯನ್ನು ತನ್ನ ರಾಜ್ಯದಿಂದ ಹೊರಗೆ ಹಾಕಿದ. ಅವರು ಬೆಟ್ಟಕ್ಕೆ ಮರಳಿದ್ದು 1900ರಲ್ಲಿ. ಯೇಸುಸಭೆಯ ಗುರುಗಳು ಇಲ್ಲದ ಆ ದೀರ್ಘ ಕಾಲದಲ್ಲಿ ರರಾಮುರಿಗಳು ಕ್ರೈಸ್ತ ಹಬ್ಬಗಳನ್ನು ತಮ್ಮ ಡೋಲು, ತಮ್ಮ ಕುಣಿತ, ತಮ್ಮ ದೇವರ ಕಲ್ಪನೆಯೊಂದಿಗೆ ಬೆರೆಸಿ ತಮ್ಮದನ್ನಾಗಿ ಮಾಡಿಕೊಂಡಿದ್ದರು.

1970ರ ದಶಕದಲ್ಲಿ ಬೆಟ್ಟ ಹತ್ತಿದ ಕಾಂಪೊಸ್ ಅವರ ತಲೆಮಾರು ಅಲ್ಲಿ ಕಲಿಸುವುದಕ್ಕಿಂತ ಹೆಚ್ಚಾಗಿ ಕಲಿಯಿತು. ಕಾಂಪೊಸ್ ರರಾಮುರಿ ಭಾಷೆ ಕಲಿತರು, ಆ ಜನರ ಕುಣಿತದಲ್ಲಿ ಹೆಜ್ಜೆ ಹಾಕಿದರು. ಕೋಳಿ ಹುಂಜದ ಕೂಗನ್ನು ಥೇಟ್ ಹಾಗೆಯೇ ಅನುಕರಿಸುತ್ತಿದ್ದ ಅವರಿಗೆ 'ಗಾಯೊ', ಎಂದರೆ ಹುಂಜ, ಎಂದೇ ಅಡ್ಡಹೆಸರು. ಸುಮಾರು ಅರ್ಧ ಶತಮಾನ ಅವರು ಆ ಬೆಟ್ಟದಲ್ಲೇ ಕಳೆದರು. ಮೊರಾ ಮೃದು ಮಾತಿನವರು, ಬಹುಕಾಲ ತಂಪಿಕೊ ನಗರದಲ್ಲಿ ಮೇಷ್ಟ್ರಾಗಿದ್ದವರು. ವಯಸ್ಸಾದ ಮೇಲೆ ವಿಶ್ರಾಂತಿ ಬಯಸುವ ಬದಲು ಬೆಟ್ಟದ ಊರುಗಳಲ್ಲಿ ಉಳಿದರು. ಜನ ಅವರನ್ನು ಅಕ್ಕರೆಯಿಂದ 'ಮೊರೀತಾ' ಎನ್ನುತ್ತಿದ್ದರು. ಮಕ್ಕಳ ದೀಕ್ಷಾಸ್ನಾನ, ಕಾಯಿಲೆಯವರ ಮನೆಗೆ ಪವಿತ್ರ ತೈಲ ಹಿಡಿದು ಹೋಗುವುದು, ಸತ್ತವರನ್ನು ಮಣ್ಣು ಮಾಡುವುದು, ಜಗಳವಾಡಿದ ಮನೆಗಳ ನಡುವೆ ಕೂತು ಮಾತಾಡಿಸುವುದು: ಪತ್ರಿಕೆಯಲ್ಲಿ ಒಂದು ಸಾಲೂ ಬಾರದ ಕೆಲಸ. ನಮ್ಮ ಕರಾವಳಿಯ ಇಲ್ಲವೇ ಮೈಸೂರು ಸೀಮೆಯ ಯಾವುದೇ ಹಳ್ಳಿ ಚರ್ಚಿನ ಫಾದರ್ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ, ಸೆರೊಕಾವಿಯ ಗುರುಗಳು ಬಲಿಪೂಜೆ, ಎಂದರೆ ಚರ್ಚಿನ ಆರಾಧನೆ, ಮುಗಿಸಿ ಹೊರಗೆ ಬಂದರೆ ರಸ್ತೆಯಲ್ಲಿ ಬಂದೂಕು ಹೊತ್ತ ಹುಡುಗರು ಎದುರಾಗುತ್ತಿದ್ದರು. ಆ ಹುಡುಗರಲ್ಲಿ ಎಷ್ಟೋ ಜನ ಅದೇ ಸುತ್ತಿನ ಊರುಗಳಲ್ಲಿ ಹುಟ್ಟಿ ಬೆಳೆದವರು.

ನನಗೆ ಮುಖ್ಯವೆನಿಸುವುದು ಇದೇ. ಸೈನಿಕನಿಗೆ ಎದುರಾಳಿ ಇದ್ದಾನೆ. ಪರಿಹಾರ ಸಂಸ್ಥೆಗೆ ಫಲಾನುಭವಿಗಳ ಪಟ್ಟಿ ಇದೆ. ನನ್ನಂಥ ಪತ್ರಕರ್ತರಿಗೆ ಬಲಿಯಾದವನು ಒಂದು ಕಡೆ, ಕೊಂದವನು ಇನ್ನೊಂದು ಕಡೆ, ಬರೆಯುವುದು ಸಲೀಸು. ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳನ್ನು ನೋಡಿಕೊಳ್ಳುವ ಗುರುವಿಗೆ ಈ ಅನುಕೂಲ ಯಾವುದೂ ಇಲ್ಲ. ಆ ಎಲ್ಲೆಯೊಳಗೆ ಹುಟ್ಟಿದ ಪ್ರತಿಯೊಬ್ಬನೂ ಅವರ ಪಾಲಿಗೆ ಬಂದವನೇ. ಓಡಿಬಂದ ಪಾಲ್ಮಾನೂ ಅವರವನು, ಅಟ್ಟಿಸಿಕೊಂಡು ಬಂದವನೂ ಅವರವನು. ಇದನ್ನು ವೇದಿಕೆಯ ಮೇಲೆ ಹೇಳುವುದು ಹಗುರ. ಹಾಗೆ ಬದುಕುವುದಕ್ಕೆ ಎಂಥ ಗುಂಡಿಗೆ ಬೇಕು!

ಮಧ್ಯ ಆಫ್ರಿಕಾ ಗಣರಾಜ್ಯದ ಬೊಸೆಂತೆಲೆಯಲ್ಲಿ ಇದನ್ನೇ ಬದುಕಿ ತೋರಿಸಿದವರು ಫಾದರ್ ಬರ್ನಾರ್ಡ್ ಕಿನ್ವಿ. ಟೋಗೊ ದೇಶದವರು. ಪ್ರಾಣಕ್ಕೆ ಅಪಾಯ ಬಂದರೂ ರೋಗಿಗಳ ಸೇವೆ ಬಿಡೆವೆಂದು ವ್ರತ ತೊಡುವ ಕಮಿಲಿಯನ್ ಸಭೆಯವರು. ಅಲ್ಲಿ ಮೊದಲು ನಡೆದದ್ದು ಬಹುಪಾಲು ಮುಸ್ಲಿಮರಿದ್ದ ಸೆಲೆಕಾ ಬಂಡುಕೋರರ ಆರ್ಭಟ, ಆಮೇಲೆ ಅದಕ್ಕೆ ಸೇಡೆಂದು ಎದ್ದ ಆಂಟಿ ಬಲಾಕಾ ಗುಂಪುಗಳದ್ದು. ಕಿನ್ವಿ ನೋಡಿಕೊಳ್ಳುತ್ತಿದ್ದ ಮಿಷನ್ ಆಸ್ಪತ್ರೆಯಲ್ಲಿ ಎರಡೂ ಕಡೆಯ ಗಾಯಾಳುಗಳಿಗೆ ಹಾಸಿಗೆ ಸಿಗುತ್ತಿತ್ತು. 2014ರ ಜನವರಿಯಲ್ಲಿ ಆಂಟಿ ಬಲಾಕಾ ಊರಿನ ಮುಸ್ಲಿಮರ ಮೇಲೆ ಬಿದ್ದಾಗ, ಕಪ್ಪು ನಿಲುವಂಗಿಯ ಎದೆಯ ಮೇಲೆ ಕೆಂಪು ಶಿಲುಬೆ ಹೊತ್ತ ಈ ಯುವಕ ದಿನವಿಡೀ ಬೀದಿ ಬೀದಿ ಸುತ್ತಿ ಹೆಣಗಳನ್ನು ಮಣ್ಣು ಮಾಡಿಸಿದರು. ಅವಿತು ಕುಳಿತಿದ್ದವರನ್ನು ಹುಡುಕಿ ಮಿಷನ್ ಆವರಣಕ್ಕೆ ತಂದರು. ನೂರಾರು ಮುಸ್ಲಿಮರು ವಾರಗಟ್ಟಲೆ ಅಲ್ಲಿ ತಂಗಿದರು. ಕೊಲ್ಲಲು ಬಂದವರು ಬಾಗಿಲಲ್ಲಿ ನಿಂತು ಬೆದರಿಸಿದಾಗಲೂ ಫಾದರ್ ಒಬ್ಬರನ್ನೂ ಒಪ್ಪಿಸಲಿಲ್ಲ. ಹಾಗೆ ಬೆದರಿಸಿದವರಲ್ಲಿ ಯಾರಿಗಾದರೂ ಗಾಯವಾದರೆ, ಬರಬೇಕಾದದ್ದು ಅದೇ ಆಸ್ಪತ್ರೆಗೆ.

ಬೆಂಗಳೂರಿಗೂ ಇಂಥ ಒಂದು ನಂಟಿದೆ. ಸಲೇಷಿಯನ್ ಗುರುಸಭೆಯ ಇಲ್ಲಿನ ಪ್ರಾಂತಕ್ಕೆ ಸೇರಿದ ಫಾದರ್ ಟಾಮ್ ಉಳುನ್ನಾಲಿಲ್ ಯೆಮನ್‌ನ ಏಡನ್‌ನಲ್ಲಿದ್ದರು. 2016ರ ಮಾರ್ಚ್ 4ರಂದು, ಮದರ್ ತೆರೇಸಾ ಸಂಸ್ಥೆಯ ಸೋದರಿಯರು ವೃದ್ಧರಿಗಾಗಿ ನಡೆಸುತ್ತಿದ್ದ ಆಶ್ರಮಕ್ಕೆ ಬಂದೂಕುಧಾರಿಗಳು ನುಗ್ಗಿ ನಾಲ್ವರು ಸೋದರಿಯರೂ ಸೇರಿ 16 ಜನರನ್ನು ಕೊಂದರು, ಟಾಮ್ ಅವರನ್ನು ಹೊತ್ತೊಯ್ದರು. ಒಂದೂವರೆ ವರ್ಷದ ಸೆರೆಯ ನಂತರ, 2017ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಗಿ ಬಂದವರು, ತಮ್ಮನ್ನು ಹಿಡಿದಿಟ್ಟವರ ಮೇಲೆ ಕಹಿ ಮಾತಾಡಲಿಲ್ಲ. ಅವರಿಗಾಗಿ ಪ್ರಾರ್ಥಿಸುತ್ತಿದ್ದೆ ಎಂದರು.

ಇದನ್ನೆಲ್ಲ ಓದುವವರಿಗೆ ಒಂದು ಪ್ರಶ್ನೆ ಏಳುವುದು ಸಹಜ: ಕೊಲೆಗಡುಕರನ್ನೂ ನಮ್ಮವರೆಂದರೆ ಅನ್ಯಾಯಕ್ಕೆ ಮಣೆ ಹಾಕಿದಂತೆ ಆಗುವುದಿಲ್ಲವೇ? ಮೆಕ್ಸಿಕೋದ ಗುರುಗಳು ಇದಕ್ಕೆ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು. ಸೆರೊಕಾವಿಯ ಇಬ್ಬರು ಗುರುಗಳ ಅಂತ್ಯಸಂಸ್ಕಾರದ ಬಲಿಪೂಜೆಯಲ್ಲಿ, ಅದೇ ಬೆಟ್ಟದಲ್ಲಿ ದಶಕಗಳ ಕಾಲ ದುಡಿದ ಫಾದರ್ ಹಾವಿಯೆರ್ ಆವಿಲಾ ನೇರವಾಗಿ ಸರ್ಕಾರದ ಭದ್ರತಾ ನೀತಿಯನ್ನೇ ಪ್ರಶ್ನಿಸಿದರು. ಗುಂಡುಗಳಿಗೆ ಅಪ್ಪುಗೆ ಮದ್ದೆಂದು ಹೇಳುತ್ತಿದ್ದ ಅಂದಿನ ಅಧ್ಯಕ್ಷರಿಗೆ, ಅಪ್ಪುಗೆಗಳು ಇನ್ನು ಸಾಲವು ಎಂದರು. ಮೆಕ್ಸಿಕೋದ ಚರ್ಚ್ ಊರೂರುಗಳಲ್ಲಿ ಸಂತ್ರಸ್ತರ ಮಾತು ಕೇಳುವ ಶಾಂತಿ ಸಂವಾದಗಳನ್ನು ನಡೆಸಿತು. 2024ರ ಚುನಾವಣೆಗೆ ಮೊದಲು ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳೆಲ್ಲ ಅದರಿಂದ ಹುಟ್ಟಿದ ಶಾಂತಿ ಬದ್ಧತೆಯ ದಾಖಲೆಗೆ ಸಹಿ ಹಾಕಿದರು. ಗುರುಗಳ ಶವಗಳನ್ನು ಮೆರವಣಿಗೆಯಲ್ಲಿ ಬೆಟ್ಟಕ್ಕೆ ತಂದಾಗ ರರಾಮುರಿಗಳು ಡೋಲು ಬಾರಿಸಿ, ಕುಣಿದು, ತಮ್ಮ ಸಂಪ್ರದಾಯದಂತೆ ಬೀಳ್ಕೊಟ್ಟರು. ಚರ್ಚಿನ ಅಂಗಳದಲ್ಲೇ ಆ ಇಬ್ಬರ ಸಮಾಧಿಯಾಯಿತು. ಯೇಸುಸಭೆ ಊರು ಬಿಡಲಿಲ್ಲ. ಗುರುಗಳಿಗೆ ವರ್ಗಾವಣೆ ಉಂಟು. ಪಾಲ್ಮಾನ ಮನೆಯವರಿಗೆ, ಕಣಿವೆಯ ಮೆಕ್ಕೆಜೋಳದ ಹೊಲದವರಿಗೆ ಅದು ಇಲ್ಲ. ಹಾಗಿರುವಾಗ ಗುರುಗಳು ಮೊದಲು ಗಾಡಿ ಹತ್ತಿದ್ದರೆ ಉಳಿದವರ ಗತಿ ಏನಾಗುತ್ತಿತ್ತು?

2023ರ ಮಾರ್ಚಿನಲ್ಲಿ ಪೊರ್ತಿಯೊ ಹಿಲ್‌ನ ಶವ ಪಕ್ಕದ ಸಿನಾಲೋವಾ ರಾಜ್ಯದಲ್ಲಿ ಸಿಕ್ಕಿತು, ಗುಂಡೇಟಿನಿಂದ ಸತ್ತಿದ್ದ. ಎಷ್ಟೋ ಜನರಿಗೆ ಅಲ್ಲಿಗೆ ಲೆಕ್ಕ ಚುಕ್ತಾ ಆದಂತೆ ಕಂಡಿರಬೇಕು. ಮೆಕ್ಸಿಕೋದ ಯೇಸುಸಭೆ ಹಾಗೆ ಭಾವಿಸಲಿಲ್ಲ. ವಿಚಾರಣೆ ಇಲ್ಲದೆ ಬಂದ ಈ ಸಾವನ್ನು ನ್ಯಾಯದ ಗೆಲುವೆಂದು ಯಾವ ರೀತಿಯಿಂದಲೂ ಕರೆಯಲಾಗದು, ಆ ನೆಲದ ಮೇಲೆ ಸರ್ಕಾರದ ಹಿಡಿತ ಇಲ್ಲವೆಂಬುದನ್ನೇ ಇದು ತೋರಿಸುತ್ತದೆ ಎಂದಿತು. ತಮ್ಮ ಇಬ್ಬರು ಹಿರಿಯರನ್ನು ಕಳೆದುಕೊಂಡವರು ಬಯಸಿದ್ದು ಅವನ ಹೆಣವನ್ನಲ್ಲ. ನ್ಯಾಯಾಲಯದ ಕಟಕಟೆಯಲ್ಲಿ ಅವನು ನಿಲ್ಲಬೇಕಿತ್ತು. ಅಷ್ಟು ವರ್ಷ ಅವನ ಬೆನ್ನಿಗಿದ್ದವರು ಯಾರು ಎಂಬುದು ಅಲ್ಲಿ, ಕಣಿವೆಯ ಜನರ ಎದುರು, ಹೊರಬರಬೇಕಿತ್ತು.