ಬೆಳಕು ಕಾಣದ ಕಾಗದ

ಫೋಟೋ ಕಾಗದದ ಡಬ್ಬಿಯ ಮೇಲೆ ಕಂಪನಿಯವರು ಒಂದು ಗಡುವು ಅಚ್ಚು ಹಾಕಿರುತ್ತಿದ್ದರು: ಇಂಥ ತಿಂಗಳು, ಇಂಥ ಇಸವಿಯೊಳಗೆ ಬಳಸತಕ್ಕದ್ದು. ಗಡುವು ದಾಟಿದ ಡಬ್ಬಿ ಸಿಕ್ಕಿದರೆ ಸ್ಟುಡಿಯೋದವರು ಒಂದು ಚೂರು ಕತ್ತರಿಸಿ ಡೆವಲಪರಿನಲ್ಲಿ ಅದ್ದಿ ನೋಡುವರು. ಬಿಳಿಯಾಗಿಯೇ ಉಳಿಯಬೇಕಾದ ಕಾಗದ ಬೂದು ಬಣ್ಣಕ್ಕೆ ತಿರುಗಿತೋ, 'ಪೇಪರ್ ಫಾಗ್ ಆಗಿದೆ' ಎಂದು ಡಬ್ಬಿಯನ್ನೇ ಎಸೆಯುವರು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಗಡುವಿನ ಭರವಸೆಯೂ ಅಷ್ಟಕ್ಕಷ್ಟೇ. ಮದುವೆ ಮನೆಯವರಿಗೆ ಮಸುಕು ಮುಖ ಕೊಡಲು ಯಾರಿಗೆ ಧೈರ್ಯ?

ಹೀಗೆ ಎಸೆಯಬೇಕಾದ ಕಾಗದವನ್ನೇ ಅಮೆರಿಕದ ಕಲಾವಿದೆ ಆಲಿಸನ್ ರೋಸಿಟರ್ ಹುಡುಕಿ ಹುಡುಕಿ ಕೊಳ್ಳುತ್ತಾರೆ. 1953ರಲ್ಲಿ ಮಿಸಿಸಿಪಿಯ ಜಾಕ್ಸನ್‌ನಲ್ಲಿ ಹುಟ್ಟಿದ ಆಕೆ ಡಾರ್ಕ್‌ರೂಮಿನಲ್ಲೇ ಪಳಗಿದವರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಹಳೆಯ ಛಾಯಾಚಿತ್ರಗಳ ಸಂರಕ್ಷಣೆಗೆ ಸ್ವಯಂಸೇವಕಿಯಾಗಿ ದುಡಿದವರು. 2007ರಲ್ಲಿ ಗಡುವು ಮೀರಿದ ಫಿಲ್ಮು ಕೊಂಡಾಗ ಅದರ ಜೊತೆಗೆ ಕೊಡಾಕ್ ಕಂಪನಿಯ ಕೊಡಾಬ್ರೊಮೈಡ್ ಕಾಗದವೂ ಬಂತು. ಅದರ ಗಡುವು 1946ರ ಮೇ ತಿಂಗಳು. ಒಂದು ಹಾಳೆ ತೆಗೆದು, ಎನ್‌ಲಾರ್ಜರಿನ ಹತ್ತಿರಕ್ಕೂ ಒಯ್ಯದೆ, ಯಾವ ನೆಗೆಟಿವನ್ನೂ ತೋರಿಸದೆ ನೇರ ಡೆವಲಪರಿಗೆ ಹಾಕಿದರು. ಸೀಸದ ಕಡ್ಡಿಯಿಂದ ದಿನಗಟ್ಟಲೆ ಉಜ್ಜಿ ಬರೆದಂಥ ಒಂದು ಬೂದು ಚಿತ್ರ ಎದ್ದು ಬಂತು. ಅಂದಿನಿಂದ ಆಕೆಗೆ ಕ್ಯಾಮೆರಾ ಬೇಕಾಗಿಲ್ಲ.

ಚಿತ್ರ ಬಂದದ್ದು ಎಲ್ಲಿಂದ? ಆ ಕಾಗದದ ಮೇಲೆ ಜೆಲಟಿನ್ನಿನ ತೆಳುವಾದ ಪದರ, ಅದರೊಳಗೆ ಬೆಳ್ಳಿ ಲವಣದ ಸೂಕ್ಷ್ಮ ಹರಳುಗಳು. ಬೆಳಕು ತಾಗಿದ ಹರಳನ್ನು ಡೆವಲಪರ್ ಗುರುತು ಹಿಡಿದು ಕಪ್ಪು ಬೆಳ್ಳಿಯಾಗಿಸುತ್ತದೆ, ತಾಗದ್ದನ್ನು ಹಾಗೇ ಬಿಡುತ್ತದೆ. ಆದರೆ ಹರಳನ್ನು ಕೆಣಕುವುದು ಬೆಳಕೊಂದೇ ಅಲ್ಲ. ಸೆಕೆ, ತೇವ, ಗಾಳಿಯಲ್ಲಿನ ಅನಿಲ, ಬೂಸ್ಟು, ಆಕಾಶದಿಂದ ಸದಾ ಸುರಿಯುವ ವಿಕಿರಣ ಎಲ್ಲವೂ ವರ್ಷಗಟ್ಟಲೆ ಒಂದೊಂದೇ ಹರಳನ್ನು ಹದಗೆಡಿಸುತ್ತವೆ. ಹೊದಿಕೆ ಹರಿದಲ್ಲಿ ಬೆಳಕು ನುಸುಳುತ್ತದೆ. ಯಾವಾಗಲೋ ಯಾರೋ ಹಾಳೆಯನ್ನು ಹಿಡಿದೆತ್ತಿದ ಕಡೆ ಬೆರಳಿನ ಜಿಡ್ಡು ಕೂರುತ್ತದೆ. ಇದಾವುದೂ ಕಣ್ಣಿಗೆ ಕಾಣುವುದಿಲ್ಲ. ಡೆವಲಪರಿಗೆ ಬೀಳುವವರೆಗೆ ಆ ಹಾಳೆ ನೋಡುವವರ ಪಾಲಿಗೆ ಖಾಲಿ ಕಾಗದವೇ.

ನನಗೆ ಇಲ್ಲಿ ತೊಡಕಾಗಿ ಕಾಣುವುದು ನಮ್ಮ 'ಖಾಲಿ' ಎಂಬ ಲೆಕ್ಕಾಚಾರ. ಯಾವುದೋ ಒಂದು ಕೆಲಸಕ್ಕೆಂದು ಸಿದ್ಧವಾಗಿ, ಆ ಕೆಲಸ ಬಾರದೇ ಹೋದ ಬದುಕುಗಳನ್ನು ನಾವು ಸಲೀಸಾಗಿ ಖಾಲಿ ಎಂದುಬಿಡುತ್ತೇವೆ. ಸಂಗೀತ ಕಲಿತು ಕಚೇರಿ ಸಿಗದವರು, ಓದಿ ನೌಕರಿ ಕಾಣದವರು, ಅಣ್ಣತಮ್ಮಂದಿರ ಸಂಸಾರ ದಡ ಸೇರಿಸುವುದರಲ್ಲೇ ವಯಸ್ಸು ಸವೆದ ಹಿರಿಯಕ್ಕ. 'ಪಾಪ, ಅವಳ ಬಾಳಲ್ಲಿ ಏನೂ ನಡೆಯಲಿಲ್ಲ' ಎನ್ನುವಾಗ ನಾವು ಹೇಳುತ್ತಿರುವುದು ನಾವು ನಿರೀಕ್ಷಿಸಿದ ಚಿತ್ರ ಅಲ್ಲಿ ಮೂಡಲಿಲ್ಲವೆಂದಷ್ಟೇ. ಏನೂ ನಡೆಯಲಿಲ್ಲ ಎಂಬುದು ಬೇರೆ ಮಾತು, ಮತ್ತು ಬಹುತೇಕ ಸುಳ್ಳು.

ಹಾಗೆಂದು ಇದನ್ನು ಸಮಾಧಾನದ ಮಾತಾಗಿ ತಿರುಗಿಸುವ ಆತುರವೂ ನನಗಿಲ್ಲ. 1946ಕ್ಕೆ ಗಡುವು ತುಂಬಿದ ಕಾಗದ ಯಾರದೋ ಮಗುವಿನ ಮುಖ ಹೊತ್ತು ಆಲ್ಬಮ್ ಸೇರಬೇಕಿತ್ತು, ಸೇರಲಿಲ್ಲ. ಇವತ್ತು ಅದರ ಮೇಲೆ ಸ್ಪಷ್ಟವಾದ ಮುಖ ಮೂಡಿಸುವುದು ಕಷ್ಟ. ಆ ಶಕ್ತಿ ಕುಂದಿಹೋಗಿದೆ. ನಷ್ಟ ನಷ್ಟವೇ. ಬೂಸ್ಟು ಕಲೆಗಾರನಲ್ಲ, ತೇವ ಕರುಣಾಳುವಲ್ಲ. ರೋಸಿಟರ್ ಕೂಡ ಹಾಳಾದದ್ದು ಒಳ್ಳೆಯದೇ ಆಯಿತು ಎಂಬ ಧಾಟಿಯಲ್ಲಿ ಕೆಲಸ ಮಾಡುವುದಿಲ್ಲ. ಹಾಳೆಗೆ ಏನಾಗಿದೆ ಎಂದು ಕೇಳುವುದು ಮಾತ್ರ ಆಕೆಯ ಕೆಲಸ. ಕೇಳುವುದಕ್ಕೂ ಇರುವುದು ಒಂದೇ ಅವಕಾಶ, ಏಕೆಂದರೆ ಒಮ್ಮೆ ಡೆವಲಪ್ ಆದ ಹಾಳೆಯನ್ನು ಮತ್ತೆ ಹಿಂದಕ್ಕೆ ಒಯ್ಯಲಾಗದು. ಕೆಲವು ಹಾಳೆಗಳನ್ನು ಆಕೆ ಪೂರ್ತಿ ಮುಳುಗಿಸುತ್ತಾರೆ; ಕೆಲವಕ್ಕೆ ಡೆವಲಪರನ್ನು ಸುರಿಯುತ್ತಾರೆ; ಕೆಲವನ್ನು ಅರ್ಧಕ್ಕೆ ಅದ್ದಿ ಎತ್ತುತ್ತಾರೆ, ಆಗ ಕಪ್ಪಿನ ಅಂಚು ದಿಗಂತದ ಗೆರೆಯಂತೆ ನಿಲ್ಲುತ್ತದೆ. ಆಮೇಲೆ ಚಿತ್ರವನ್ನು ನಿಲ್ಲಿಸುವ ಹೈಪೋ ದ್ರಾವಣ. ಇದಿಷ್ಟು ಹೇಳಿದರೆ ಕೆಲಸ ಸುಲಭವೆನಿಸೀತು. ಎಲ್ಲಿ ಕೈ ಎತ್ತಬೇಕು ಎಂಬುದರಲ್ಲಿ ಇಡೀ ವಿದ್ಯೆಯಿದೆ.

ಫಾಗನ್ನು ಹೊರಗಿಟ್ಟು ಬೆಳಕಿನ ಚುರುಕನ್ನು ಮಾತ್ರ ಉಳಿಸಿಕೊಳ್ಳಲು ಕಾರ್ಖಾನೆಗಳ ರಸಾಯನಶಾಸ್ತ್ರಜ್ಞರು ಪಟ್ಟ ಪಾಡು ಸಾಮಾನ್ಯದ್ದಲ್ಲ. ಕೊಡಾಕ್‌ನ ಸ್ಯಾಮ್ಯುಯೆಲ್ ಶೆಪರ್ಡ್ 1920ರ ದಶಕದಲ್ಲಿ ಒಂದು ವಿಚಿತ್ರ ಸಂಗತಿ ಪತ್ತೆ ಮಾಡಿದರು. ಕೆಲವು ಜೆಲಟಿನ್ನಿನಿಂದ ಮಾಡಿದ ಪದರ ಬೆಳಕಿಗೆ ಚುರುಕಾಗಿ ಸ್ಪಂದಿಸುತ್ತಿತ್ತು, ಕೆಲವು ಮಂಕು. ಜೆಲಟಿನ್ ಬರುವುದು ದನದ ಚರ್ಮ, ಮೂಳೆಯಿಂದ. ಚುರುಕಿಗೆ ಕಾರಣ ಅದರಲ್ಲಿ ಉಳಿದಿದ್ದ ಅತ್ಯಲ್ಪ ಗಂಧಕದ ಅಂಶ. ಅದು ಬಂದದ್ದು ದನಗಳು ಮೇದ ಸಾಸಿವೆ ಜಾತಿಯ ಗಿಡಗಳಿಂದ! ದನ ಸಾಸಿವೆ ತಿನ್ನದಿದ್ದರೆ ಸಿನಿಮಾವೇ ಇರುತ್ತಿರಲಿಲ್ಲ ಎಂಬ ತಮಾಷೆ ಆ ಪ್ರಯೋಗಾಲಯದಿಂದಲೇ ಹುಟ್ಟಿತು. ಕಲಬೆರಕೆ ಎನ್ನಬಹುದಾದ ಅಂಶವೇ ಕಣ್ಣಾಗಿತ್ತು. ಶುದ್ಧಿಯ ಬಗ್ಗೆ ನಮಗಿರುವ ಅತಿ ವಿಶ್ವಾಸದ ಮುಂದೆ ಈ ಸಾಸಿವೆ ಕಾಳನ್ನು ಇಟ್ಟು ನೋಡಬಹುದು.

ಏನಾದರೂ ಆಗಲಿ, ಆದದ್ದೆಲ್ಲ ಕಲೆ ಎಂಬ ಉಡಾಫೆಯೂ ಈಚೆಗೆ ಹೆಚ್ಚಾಗಿದೆ. ರಾಸಾಯನಿಕ ಚೆಲ್ಲಿ, ಕಾಗದ ಸುಟ್ಟು, ಗೀಚಿ, ಅದಕ್ಕೊಂದು ದೊಡ್ಡ ವ್ಯಾಖ್ಯಾನ ಅಂಟಿಸುವುದು. ಮ್ಯಾಥ್ಯೂ ಬ್ರಾಂಟ್ ಎಂಬ ಕಲಾವಿದ ಕೆರೆ, ಸರೋವರಗಳ ಫೋಟೋ ತೆಗೆದು, ಅದರ ಪ್ರಿಂಟನ್ನು ಅದೇ ಸರೋವರದ ನೀರಿನಲ್ಲಿ ನೆನೆಹಾಕಿ ಬಣ್ಣ ಕರಗಿಸುತ್ತಾರೆ. ಕಲ್ಪನೆ ಚೆನ್ನಾಗಿದೆ, ಕೆಲವೊಮ್ಮೆ ಚಿತ್ರಕ್ಕಿಂತ ಕಥೆಯೇ ದೊಡ್ಡದಾಯಿತೆಂದು ನನ್ನ ಗುಮಾನಿ. ಆಕಸ್ಮಿಕವನ್ನು ಒಪ್ಪಿಕೊಳ್ಳುವುದಕ್ಕೂ ಆಕಸ್ಮಿಕದ ಹಿಂದೆ ಅಡಗಿಕೊಳ್ಳುವುದಕ್ಕೂ ಅಂತರವಿದೆ.

ಕ್ಯಾಲಿಫೋರ್ನಿಯಾದ ಕ್ರಿಸ್ ಮೆಕಾವ್ ಆ ಅಂತರವನ್ನು ಚೆನ್ನಾಗಿ ತೋರಿಸುತ್ತಾರೆ. 2003ರಲ್ಲಿ ಗೆಳೆಯರೊಂದಿಗೆ ಬಯಲಲ್ಲಿ ಡೇರೆ ಹೂಡಿದ್ದ ಈತ ರಾತ್ರಿಯ ನಕ್ಷತ್ರಗಳ ಜಾಡು ಹಿಡಿಯಲು ಕ್ಯಾಮೆರಾ ತೆರೆದಿಟ್ಟು, ವಿಸ್ಕಿಯ ದೆಸೆಯಿಂದ ನಿದ್ದೆಹೋದರು. ಬೆಳಗಾಗುವ ಮೊದಲು ಎದ್ದು ಲೆನ್ಸು ಮುಚ್ಚಬೇಕಿತ್ತು. ಸೂರ್ಯ ಹುಟ್ಟಿ, ಲೆನ್ಸಿನೊಳಗೆ ಇಳಿದು, ಫಿಲ್ಮನ್ನೇ ಸುಟ್ಟು ತೂತು ಮಾಡಿತು. ಇನ್ನೊಬ್ಬರಾಗಿದ್ದರೆ ತಲೆ ಚಚ್ಚಿಕೊಂಡು ಫಿಲ್ಮನ್ನು ಬಿಸಾಕುತ್ತಿದ್ದರು, ಅಥವಾ ಆ ಒಂದು ತೂತಿಗೇ ಚೌಕಟ್ಟು ಹಾಕಿಸಿ ಮೆರೆಯುತ್ತಿದ್ದರು. ಮೆಕಾವ್ ಎರಡನ್ನೂ ಮಾಡದೆ, ವರ್ಷಗಟ್ಟಲೆ ಅದರ ಬೆನ್ನು ಬಿದ್ದರು. ತಾವೇ ದೈತ್ಯ ಕ್ಯಾಮೆರಾ ಕಟ್ಟಿದರು. ಫಿಲ್ಮಿನ ಬದಲು ಹಳೆಯ ಫೋಟೋ ಕಾಗದವನ್ನೇ ನೇರವಾಗಿ ಅದರೊಳಗಿಟ್ಟರು. ಗಂಟೆಗಟ್ಟಲೆ ಬಿಸಿಲು ಬಿದ್ದಾಗ ಆ ಕಾಗದದಲ್ಲಿ ಕಪ್ಪು ಬಿಳುಪು ಅದಲು ಬದಲಾಗಿ, ನೆಗೆಟಿವ್ ಆಗಬೇಕಾದದ್ದು ಪಾಸಿಟಿವ್ ಆಗುತ್ತದೆ. ಆಕಾಶದಲ್ಲಿ ಸೂರ್ಯ ಚಲಿಸಿದ ದಾರಿ ಕಾಗದದಲ್ಲಿ ಸುಟ್ಟ ಸೀಳಾಗಿ ಉಳಿಯುತ್ತದೆ. ಮೊದಲ ಸಲ ನಿದ್ದೆಗೆ ಸಿಕ್ಕದ್ದನ್ನು ಆಮೇಲೆ ಎಚ್ಚರದಿಂದ ಗಳಿಸಿಕೊಂಡರು.

ಛಾಯಾಚಿತ್ರ ವಿದ್ಯೆಯ ಹುಟ್ಟಿನಲ್ಲೇ ಕಾಯುವಿಕೆಯ ಕಥೆಯಿದೆ. ಇಂಗ್ಲೆಂಡಿನ ಥಾಮಸ್ ವೆಡ್ಜ್‌ವುಡ್ ಬೆಳ್ಳಿ ನೈಟ್ರೇಟ್ ಸವರಿದ ಕಾಗದ, ಚರ್ಮದ ಮೇಲೆ ಎಲೆಗಳ ನೆರಳು ಮೂಡಿಸಿದ. 1802ರಲ್ಲಿ ಅವನ ಗೆಳೆಯ ಹಂಫ್ರಿ ಡೇವಿ ಆ ಪ್ರಯೋಗಗಳ ವರದಿ ಪ್ರಕಟಿಸಿದ. ಆದರೆ ಚಿತ್ರವನ್ನು ನಿಲ್ಲಿಸುವ ಉಪಾಯ ಇಬ್ಬರಿಗೂ ಹೊಳೆಯಲಿಲ್ಲ. ಹಗಲಲ್ಲಿ ತೋರಿಸಿದರೆ ಇಡೀ ಕಾಗದ ಕಪ್ಪಾಗುತ್ತಿತ್ತು; ತಾನು ಹಿಡಿದ ಚಿತ್ರವನ್ನು ವೆಡ್ಜ್‌ವುಡ್ ಮಬ್ಬಿನಲ್ಲಿ ಅಷ್ಟಿಷ್ಟು ಹೊತ್ತು ನೋಡಬೇಕಿತ್ತು. 1805ರಲ್ಲಿ ಅವನು ತೀರಿಕೊಂಡ. ಹೈಪೋ ಬೆಳ್ಳಿ ಲವಣವನ್ನು ಕರಗಿಸುತ್ತದೆಂದು ಜಾನ್ ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ. ಆ ತಿಳಿವಳಿಕೆ ಚಿತ್ರಕ್ಕೆ ಉಪಯೋಗವಾದದ್ದು ಇನ್ನೂ 20 ವರ್ಷ ಕಳೆದು, 1839ರಲ್ಲಿ. ಅಲ್ಲಿಯವರೆಗೆ ಉತ್ತರ ಅಚ್ಚಾಗಿ ಕಪಾಟಿನಲ್ಲೇ ಇತ್ತು, ಪ್ರಶ್ನೆ ಅಲ್ಲಿಗೆ ತಲುಪಿರಲಿಲ್ಲ.

ರೋಸಿಟರ್ ತಮ್ಮ ಕೃತಿಗಳಿಗೆ ಕೊಡುವ ಶೀರ್ಷಿಕೆಗಳನ್ನು ನಾನು ಬಹಳ ಮೆಚ್ಚುತ್ತೇನೆ. ಕಾಗದದ ಕಂಪನಿ ಮತ್ತು ಹೆಸರು, ಗಡುವಿನ ದಿನಾಂಕ, ತಾವು ಡೆವಲಪ್ ಮಾಡಿದ ಇಸವಿ. ಅಷ್ಟೇ. ದಿನಾಂಕ ಗೊತ್ತಿಲ್ಲದಿದ್ದರೆ ನಿಖರ ದಿನಾಂಕ ತಿಳಿಯದು, ಸುಮಾರು ಇಂಥ ದಶಕ ಎಂದೇ ಬರೆಯುತ್ತಾರೆ. ಮೂಡಿದ ಕಲೆ ಮೋಡದಂತಿದ್ದರೂ ಮೋಡವೆಂದು ಕರೆಯುವುದಿಲ್ಲ. 1918ರಿಂದ 1948ರವರೆಗಿನ ಕಾಗದಗಳನ್ನು ಒಂದು ಸರಣಿಯಾಗಿ ಜೋಡಿಸಿದಾಗಲೂ ಯುದ್ಧ, ಸಾವು, ಹಸಿವೆಗಳ ಬಗ್ಗೆ ಭಾಷಣವಿಲ್ಲ. ಇಸವಿ ಓದಿದವರಿಗೆ ಉಳಿದದ್ದು ಗೊತ್ತಾಗುತ್ತದೆ.

ಆದರೂ ಒಂದು ಸಂಗತಿ ಕಾಡುತ್ತದೆ. ಶೀರ್ಷಿಕೆಯಲ್ಲಿ ಕಂಪನಿಯ ಹೆಸರಿದೆ, ಕೊನೆಯಲ್ಲಿ ಕಲಾವಿದೆಯ ಹೆಸರಿದೆ. ನಡುವೆ ಬೆರಳಚ್ಚು ಬಿಟ್ಟವರ ಹೆಸರಿಲ್ಲ, ಇರಲು ಸಾಧ್ಯವೂ ಇಲ್ಲ. ಕಾರ್ಖಾನೆಯ ಕತ್ತಲಲ್ಲಿ ಹಾಳೆ ಎಣಿಸಿ ಕಟ್ಟುತ್ತಿದ್ದ ಕೂಲಿಯವರೋ, ಡಬ್ಬಿ ತೆರೆದು ಮತ್ತೆ ಮುಚ್ಚಿಟ್ಟ ಸ್ಟುಡಿಯೋದ ಹುಡುಗನೋ. ಅವರ ಹೆಬ್ಬೆಟ್ಟು ಈಗ ಗ್ಯಾಲರಿಯ ಗೋಡೆಯ ಮೇಲೆ ಮಾರಾಟದ ವಸ್ತು. ಇದು ಮೋಸವೆಂದು ನಾನು ಹೇಳಲಾರೆ. ಪೂರ್ತಿ ನ್ಯಾಯವೆಂದೂ ಹೇಳಲಾರೆ.

ಅಂಥ ಕಾರ್ಖಾನೆಗಳಲ್ಲಿ ಎಷ್ಟೋ ಬಾಗಿಲು ಹಾಕಿವೆ. ನಮ್ಮ ಗಡಿಯ ಪಕ್ಕದಲ್ಲೇ, ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 'ಇಂದು' ಎಂಬ ಹೆಸರಲ್ಲಿ ಫಿಲ್ಮು, ಕಾಗದ ತಯಾರಿಸುತ್ತಿದ್ದ ಸರ್ಕಾರಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕೂಡ ನಿಂತುಹೋಯಿತು. ಅದರ ಕಾಗದದ ಡಬ್ಬಿ ಯಾವುದಾದರೂ ಹಳೆಯ ಸ್ಟುಡಿಯೋದ ಅಟ್ಟದ ಮೇಲೆ ಇದ್ದೀತು. ಸಿಕ್ಕವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳೋಣವೆಂದುಕೊಂಡರೆ ಅದೂ ನಡೆಯದು. ತಣ್ಣನೆಯ ಪೆಟ್ಟಿಗೆಯಲ್ಲಿಟ್ಟರೂ ಫಾಗ್ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಡೆವಲಪರಿಗೆ ಹಾಕಿದರೆ ಹಾಳೆ ಮುಗಿಯುತ್ತದೆ, ಹಾಕದಿದ್ದರೆ ಒಳಗೊಳಗೇ ಕಪ್ಪಾಗುತ್ತ ಹೋಗುತ್ತದೆ. ತೀರ ತಡಮಾಡಿ ಕೇಳಿದರೆ ಬೂಸ್ಟಿನ ಗುರುತು, ಬೆರಳಿನ ಗುರುತು, ತೇವ ಏರಿದ ಅಂಚು ಯಾವುದೂ ಬೇರೆ ಬೇರೆಯಾಗಿ ಕಾಣದೆ, ಎಲ್ಲ ಹಾಳೆಗಳೂ ಒಂದೇ ಸಮ ಕಪ್ಪಾಗಿ ಬರುತ್ತವೆ.