ಇಂದಿನ ಧಮ್ಮ ಚಿಂತನೆ: ನೋಡುವುದರಲ್ಲೂ ಶೀಲವಿದೆ





ಹೋದ ಭಾನುವಾರದ ಅಧ್ಯಯನದಲ್ಲಿ ಒಬ್ಬರು ಕೇಳಿದ ಪ್ರಶ್ನೆ ಇದು: "ಹಕ್ಕಿಯ ಗೂಡಿನ ಫೋಟೋ ತೆಗೆದರೆ ಯಾವ ಶೀಲ ಮುರಿಯುತ್ತದೆ? ನಾವು ಕೊಲ್ಲುವುದಿಲ್ಲ, ಮುಟ್ಟುವುದೂ ಇಲ್ಲ. ಬರೀ ನೋಡುತ್ತೇವೆ." ನನಗೂ ಕ್ಯಾಮೆರಾದ ಹುಚ್ಚಿರುವುದರಿಂದ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಹಕ್ಕಿಯ ಕಡೆಯಿಂದ ಯೋಚಿಸೋಣ. ಬೇಲಿಯಲ್ಲೂ ಬಾಲ್ಕನಿಯ ಕುಂಡದಲ್ಲೂ ಗೂಡು ಕಟ್ಟುವ ಕೆಮ್ಮೀಸೆ ಪಿಕಳಾರ ನಿಮಗೆಲ್ಲ ಗೊತ್ತು. ತಲೆಯ ಮೇಲೆ ಚೂಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆ. ಬಟ್ಟಲಿನಂಥ ಗೂಡು, ಎರಡೋ ಮೂರೋ ಮೊಟ್ಟೆ. ಮರಿ ಎರಡು ವಾರ ತುಂಬುವ ಮೊದಲೇ ಗೂಡು ಬಿಡುತ್ತದೆ. ಆಗ ಅದಕ್ಕೆ ಬಾಲ ಪೂರ್ತಿ ಬೆಳೆದಿರುವುದಿಲ್ಲ, ಕೆಂಪು ಮಚ್ಚೆ ಮೂಡಿರುವುದಿಲ್ಲ. ಹಾರಾಟವೆಂದರೆ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಬೀಳುತ್ತ ಏಳುತ್ತ ಹೋಗುವುದು, ಅಷ್ಟೇ. ಆಮೇಲೂ ಕೆಲವು ದಿನ ತಾಯಿ ತಂದೆ ಇಬ್ಬರೂ ಉಣಿಸುತ್ತ ಜೊತೆಗಿರುತ್ತವೆ.

ಈ ಹೊತ್ತಿನಲ್ಲಿ ನಾವು ಹತ್ತಿರ ಹೋಗಿ ನಿಂತರೆ ಹುಳು ಕಚ್ಚಿಕೊಂಡು ಬಂದ ಹಕ್ಕಿ ಗೂಡಿಗೆ ಇಳಿಯುವುದಿಲ್ಲ. ದೂರ ಕೂತು ಕೂಗುತ್ತದೆ. ನಾವು ನಿಂತ ಒಂದೊಂದು ನಿಮಿಷವೂ ಮರಿಯ ಊಟದ ಹೊತ್ತು. ಇನ್ನೂ ಹತ್ತಿರ ಹೋದರೆ ಹೆದರಿದ ಮರಿ ರೆಕ್ಕೆ ಬಲಿಯುವ ಮೊದಲೇ ಹೊರಗೆ ಜಿಗಿದುಬಿಡಬಹುದು. ಚೆನ್ನಾಗಿ ಕಾಣಲೆಂದು ಎಲೆ ಸರಿಸಿದರೆ ನಮಗೆ ಕಂಡದ್ದು ಕಾಗೆಗೂ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 'ಬೇಟೆ' ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ವನ್ಯ ಪಕ್ಷಿಗಳ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೈಯಲ್ಲಿ ಬಂದೂಕು ಇರಲೇಬೇಕೆಂದಿಲ್ಲ.

ಹೀಗೆ ಮೊದಲ ಶೀಲವಂತೂ ಇಲ್ಲಿ ಬಂತು. ನನಗೆ ಎರಡನೆಯದೂ ನೆನಪಾಗುತ್ತದೆ: ಕೊಡದದ್ದನ್ನು ತೆಗೆದುಕೊಳ್ಳದಿರುವುದು. ನಾವು ಫೋಟೋ 'ತೆಗೆಯುತ್ತೇವೆ' ಎನ್ನುತ್ತೇವಲ್ಲ! ಹಕ್ಕಿ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವಾಗ ನಮಗೆ ಕಂಡಷ್ಟು, ಅದು ಕೊಟ್ಟದ್ದು. ಅದು ಕೂಗಿ ಎಚ್ಚರಿಸಿದ ಮೇಲೂ ಅಲ್ಲೇ ನಿಂತು ತೆಗೆದದ್ದು, ಕೊಡದದ್ದು. ಗೆರೆ ಎಲ್ಲಿದೆಯೆಂದು ಹಕ್ಕಿಯೇ ಹೇಳುತ್ತದೆ.

ಈ ಬೇಸಿಗೆಯಲ್ಲಿ ನಮ್ಮ ಕಾಂಪೌಂಡಿನ ದಾಸವಾಳದಲ್ಲಿ ಪಿಕಳಾರ ಸಂಸಾರ ಹೂಡಿತ್ತು. ಎರಡು ಮರಿ. ಅಡುಗೆಮನೆಯ ಕಿಟಕಿಯೊಳಗೆ ಸ್ಟೂಲ್ ಹಾಕಿಕೊಂಡು ನೋಡುತ್ತಿದ್ದೆ. ನನ್ನ ಎಲ್ಲ ಫೋಟೋಗಳಲ್ಲೂ ಒಂದು ಎಲೆ ಅಡ್ಡ ಬಂದಿದೆ. ಮರಿಗಳಿಗೆ ನೆರಳೂ ಮರೆಯೂ ಆಗಿದ್ದದ್ದು ಅದೇ ಎಲೆ. ಒಂದು ಬೆಳಿಗ್ಗೆ ಒಂದು ಮರಿ ಜಿಗಿದು ನೆಲಕ್ಕೆ ಬಿತ್ತು. ಗೋಡೆಯ ಮೇಲೆ ಪಕ್ಕದ ಮನೆಯ ಬೆಕ್ಕು. ಆ ಮನೆಯ ಹುಡುಗಿ ಓಡಿಬಂದು, "ಅಂಕಲ್, ಕೈಯಲ್ಲಿ ಎತ್ತಿ ಹಾರಿಸೋಣ" ಎಂದಳು. "ಬೇಡ ಪುಟ್ಟಿ, ಮೊದಲು ನಿಮ್ಮ ಬೆಕ್ಕನ್ನ ಒಳಗೆ ಹಾಕಿ ಬಾ" ಎಂದೆ. ಹಾಕಿ ಬಂದಳು. ಇಬ್ಬರೂ ಕಿಟಕಿಯ ಹಿಂದೆ ನಿಂತೆವು.

ತಾಯಿಯೋ ತಂದೆಯೋ, ಎರಡೂ ನೋಡಲು ಒಂದೇ ಥರ, ಹುಳು ಕಚ್ಚಿಕೊಂಡು ಬಂತು. ಮರಿಯ ಬಾಯಿಗೆ ಕೊಡದೆ ಒಂದು ಗೇಣು ಮೇಲಿನ ಕೊಂಬೆಯಲ್ಲಿ ಕೂತಿತು. ಮರಿ ಬಾಯಿ ತೆರೆದು ಅರಚಿತು. ಆದರೂ ಕೊಡಲಿಲ್ಲ. "ಯಾಕೆ ಕೊಡ್ತಿಲ್ಲ ಅದು?" ಎಂದು ಹುಡುಗಿಗೆ ಸಿಟ್ಟು ಬಂತು. ಮರಿ ಕುಪ್ಪಳಿಸಿತು, ಬಿತ್ತು, ಮತ್ತೆ ರೆಕ್ಕೆ ಬಡಿದು ಕೊಂಬೆ ಹಿಡಿಯಿತು. ಆಗ ಹುಳು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅದು ಮಾವಿನ ಮರದಲ್ಲಿತ್ತು. ಇನ್ನೊಂದು ಮರಿ ಮರುದಿನ ಗೂಡಿನಲ್ಲಿ ಇರಲಿಲ್ಲ. ಹಾರಿತೋ ಬೇರೇನಾಯಿತೋ ಗೊತ್ತಿಲ್ಲ. ಹುಡುಗಿ ಕೇಳಿದಾಗಲೂ ಅದನ್ನೇ ಹೇಳಿದೆ.

ಆಚಾರ್ಯ ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ನಾಲ್ಕು ಬ್ರಹ್ಮವಿಹಾರಗಳನ್ನು ನಾಲ್ವರು ಮಕ್ಕಳ ತಾಯಿಯ ಮನಸ್ಸಿಗೆ ಹೋಲಿಸುತ್ತಾರೆ. ಎಳೆಯ ಮಗು ಬೆಳೆಯಲಿ ಎಂಬುದು ಮೈತ್ರಿ. ಕಾಯಿಲೆ ಬಿದ್ದವನು ಗುಣವಾಗಲಿ ಎಂಬುದು ಕರುಣೆ. ಹರೆಯದವನ ಹರೆಯ ಬಹುಕಾಲ ಇರಲಿ ಎಂಬುದು ಮುದಿತೆ. ತನ್ನ ಕೆಲಸದಲ್ಲಿ ತಾನು ತೊಡಗಿದ ಮಗನ ವಿಷಯದಲ್ಲಿ ಆಕೆ ತಲೆ ಹಾಕುವುದಿಲ್ಲ. ಅದು ಉಪೇಕ್ಷೆ. ಹಕ್ಕಿಯ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಹುಳು ಹಿಡಿದು ದೂರ ಕೂತದ್ದನ್ನು ಕಂಡಾಗ ಈ ನಾಲ್ಕನೆಯದು ನನಗೆ ಅರ್ಥವಾಯಿತು.

ಆಡುಮಾತಿನಲ್ಲಿ ಉಪೇಕ್ಷೆ ಎಂದರೆ ಅಲಕ್ಷ್ಯ. ಆದರೆ ಆ ಪದದೊಳಗೆ ಇರುವುದು 'ಈಕ್ಷ್' ಎಂಬ ಧಾತು, ಅಂದರೆ ನೋಡುವುದು. ಪಕ್ಷಿವೀಕ್ಷಣೆಯ 'ವೀಕ್ಷಣೆ'ಯಲ್ಲಿರುವುದೂ ಅದೇ. ಪೂರ್ತಿ ಕಣ್ಣು ತೆರೆದು ನೋಡುತ್ತ, ಕೈಯನ್ನು ಹಿಂದಿಟ್ಟುಕೊಳ್ಳುವುದೇ ಉಪೇಕ್ಷೆ. ಅರಿವಿಲ್ಲದ ಉದಾಸೀನವನ್ನು ಬುದ್ಧಘೋಷರು ಉಪೇಕ್ಷೆಯ ಹತ್ತಿರದ ಶತ್ರು ಎಂದು ಕರೆದಿದ್ದಾರೆ. ಬೆಕ್ಕು ಹೊಂಚು ಹಾಕಿರುವಾಗ "ಅದರದರ ಕರ್ಮ" ಎಂದು ಸುಮ್ಮನಿದ್ದರೆ ಅದು ಆ ಶತ್ರು. ಬೆಕ್ಕು ಸಾಕಿದವರು ಮನುಷ್ಯರು, ಅದನ್ನು ಒಳಗೆ ಹಾಕುವುದು ನಮ್ಮ ಕೆಲಸ. ಹಾರುವುದು ಮರಿಯ ಕೆಲಸ. ಯಾವುದು ನನ್ನದು, ಯಾವುದು ಅದರದು ಎಂದು ಬೇರ್ಪಡಿಸಿ ತಿಳಿಯುವುದೇ ಕಷ್ಟ. ಬೆಳೆದ ಮಕ್ಕಳಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

*ಇಂದಿನ ಅಭ್ಯಾಸ:* ಗೂಡು ಕಂಡರೆ ದೂರದಿಂದಲೇ ನೋಡಿ. ದೊಡ್ಡ ಹಕ್ಕಿ ಆಹಾರ ಕಚ್ಚಿಕೊಂಡು ಕಾಯುತ್ತಿದ್ದರೆ ಹಿಂದೆ ಸರಿಯಿರಿ. ಫ್ಲಾಶ್ ಬೇಡ, ಎಲೆ ಸರಿಸುವುದು ಬೇಡ, ಗೂಡಿನ ಜಾಗವನ್ನು ಗ್ರೂಪಿಗೆ ಹಾಕುವುದೂ ಬೇಡ. ನೆಲದ ಮೇಲಿನ ಮರಿಗೆ ನಿಜಕ್ಕೂ ಅಪಾಯವಿದ್ದರೆ ಹತ್ತಿರದ ಪೊದೆಗೆ ಎತ್ತಿಟ್ಟು ದೂರ ಬನ್ನಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ಸಂಜೆ ಧ್ಯಾನಕ್ಕೆ ಕೂತಾಗ ನಿಮಗೆ ಪ್ರಿಯರಾದ ಒಬ್ಬರನ್ನು ನೆನೆದು, ಅವರಿಗಾಗಿ ನಾನು ಮಾಡಬೇಕಾದದ್ದೇನು, ಬಿಡಬೇಕಾದದ್ದೇನು ಎಂದು ಕೇಳಿಕೊಳ್ಳಿ.

ಸಕಲ ಜೀವಿಗಳಿಗೂ ಒಳಿತಾಗಲಿ 🙏